1.80 ಲಕ್ಷ ಓಡಿದ ಡಿಸ್ಕವರಿ ಕೊಳ್ಳೋ ಮುಂಚೆ

ಹೊಸದಿದ್ದಾಗ ಅರ್ಧ ಕೋಟಿಗೂ ಮೇಲಿದ್ದ ಲ್ಯಾಂಡ್ ರೋವರ್ ಡಿಸ್ಕವರಿ 4 ಈಗ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಲ್ಲಿ ಒಂದು ಹೊಸ ಕ್ರೆಟಾ ದುಡ್ಡಿಗೆ ಸಿಗುತ್ತದೆ. ಸಕಲೇಶಪುರ, ಮಡಿಕೇರಿ ಕಡೆಯ ತೋಟದವರು, ವಾರದ ಕೊನೆಗೆ ಘಟ್ಟ ಹತ್ತೋ ಐಟಿ ಹುಡುಗರು ಫೋಟೋ ಕಳಿಸಿ ನನ್ನ ಹತ್ತಿರ ಕೇಳೋದು ಒಂದೇ ಪ್ರಶ್ನೆ. "ಸಾರ್, 1.80 ಲಕ್ಷ ಓಡಿದೆ, ತಗೋಬಹುದಾ?"

ಕಿಲೋಮೀಟರ್ ಆಮೇಲೆ ನೋಡೋಣ, ಮೊದಲು ಸರ್ವಿಸ್ ಬಿಲ್ಲು ಕಳಿಸಿ ಅನ್ನುತ್ತೇನೆ. ಅದರಲ್ಲೂ ಕೊನೆಯ ಎರಡು ವರ್ಷದ ಬಿಲ್ಲು. ಮೊದಲನೇ ಓನರ್ ಸಾಮಾನ್ಯವಾಗಿ ಕಂಪನಿ ಸರ್ವಿಸ್ ಬಿಡೋದಿಲ್ಲ. ಗಾಡಿ ಕೆಡೋದು ಮೂರನೆಯವನ ಕೈಯಲ್ಲಿ. ಅವನು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೊಂಡಿರುತ್ತಾನೆ, ಸ್ಪೇರ್ ಪಾರ್ಟ್ಸ್ ಬೆಲೆ ಮಾತ್ರ ಇಳಿದಿರೋದಿಲ್ಲ, ಹೀಗಾಗಿ ಒಂದೊಂದೇ ಕೆಲಸ ಮುಂದಕ್ಕೆ ಹಾಕುತ್ತಾ ಹೋಗಿ ದೊಡ್ಡ ಖರ್ಚು ಎದುರಿಗೆ ಬಂದ ಹೊತ್ತಿಗೆ ಮಾರುತ್ತಾನೆ. ಆ ಖರ್ಚು ನಿಮ್ಮ ತಲೆಗೆ ಬರುತ್ತದೆ. 70 ಸಾವಿರ ಓಡಿ ಶೆಡ್ಡಲ್ಲಿ ನಿಂತ, ಒಂದೂ ಬಿಲ್ಲಿಲ್ಲದ ಗಾಡಿಗಿಂತ 1.80 ಲಕ್ಷ ಓಡಿ ಫೈಲ್ ತುಂಬ ಬಿಲ್ಲಿರೋ ಗಾಡಿ ಎಷ್ಟೋ ವಾಸಿ.

ಬಿಲ್ಲಲ್ಲಿ ಮೂರು ಕೆಲಸ ಹುಡುಕಿ. ಮೊದಲನೆಯದು ಎಂಜಿನ್ ಆಯಿಲ್. ಈ 3.0 ವಿ6 ಡೀಸೆಲ್ ಎಂಜಿನ್‌ನಲ್ಲಿ ಮೇನ್ ಬೇರಿಂಗ್ ಜಾಗ ಬಿಟ್ಟು ತಿರುಗಿ, ಅದು ಹಿಡಿದಿರೋ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನ ಮುಖ್ಯ ದಂಡ) ಮುರಿದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿವೆ. ಎಲ್ಲ ಗಾಡಿಗೂ ಹೀಗಾಗೋದಿಲ್ಲ, ಆದರೆ ಹಾಗೇನಾದರೂ ಆಯಿತು ಅಂದರೆ ಎಂಜಿನ್ನೇ ಹೋಯಿತು. ಮುನ್ಸೂಚನೆ ಸಿಗೋದು ಅಪರೂಪ. ಹಾಗಾಗಿ 8-10 ಸಾವಿರಕ್ಕೊಮ್ಮೆ ಆಯಿಲ್ ಬದಲಿಸಿದ ಗಾಡಿಯನ್ನೇ ನಾನು ಹುಡುಕುತ್ತೇನೆ. ಓನರ್ ಒಪ್ಪಿದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಕಾಗದದ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಹೊಳೆಯೋ ಪುಡಿ ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಕೆಲವರು ಮ್ಯಾಗ್ನೆಟ್ ಹಿಡಿದು, ಏನೂ ಅಂಟಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಬೇರಿಂಗ್ ಮೇಲಿನ ಲೋಹ ಮ್ಯಾಗ್ನೆಟ್‌ಗೆ ಅಂಟೋದಿಲ್ಲ, ಕಣ್ಣಲ್ಲೇ ನೋಡಬೇಕು.

ಎರಡನೆಯದು ಬೆಲ್ಟ್. ಇದರಲ್ಲಿ ಎರಡು ಬೆಲ್ಟ್ ಇವೆ. ಮುಂದಿರೋದು ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸೋ ಟೈಮಿಂಗ್ ಬೆಲ್ಟ್, ಹಿಂದಿರೋದು ಹೈ ಪ್ರೆಶರ್ ಡೀಸೆಲ್ ಪಂಪ್ ತಿರುಗಿಸೋದು. ಮುಂದಿನದನ್ನು ಮಾತ್ರ ಬದಲಿಸಿ ಹಿಂದಿನದನ್ನು ಮುಟ್ಟದೆ ಬಿಟ್ಟಿರೋ ಗಾಡಿಗಳು ಬೇಕಾದಷ್ಟು. ಮೂರನೆಯದು ಗೇರ್‌ಬಾಕ್ಸ್ ಆಯಿಲ್. "ಲೈಫ್‌ಟೈಮ್ ಆಯಿಲ್ ಸಾರ್, ಬದಲಿಸೋದೇ ಬೇಡ" ಅಂತ ಬ್ರೋಕರ್ ಹೇಳುತ್ತಾನೆ. ಆ ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಕಂಪನಿಯೇ 80 ಸಾವಿರದಿಂದ 1.20 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಯಾರ ಮಾತು ಕೇಳಬೇಕು ಅನ್ನೋದರಲ್ಲಿ ಅನುಮಾನ ಬೇಡ.

ಇನ್ನು ಗಾಡಿ ನೋಡೋ ವಿಷಯ. ಮಧ್ಯಾಹ್ನ ಶೋರೂಮಿಗೆ ಹೋಗಿ ನೋಡಬೇಡಿ. ಹಿಂದಿನ ಸಂಜೆಯೇ ಹೋಗಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುಮಧ್ಯದಿಂದ ಮೇಲಿನ ಆರ್ಚ್‌ವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಬೆಳಗ್ಗೆ ಯಾರೂ ಸ್ಟಾರ್ಟ್ ಮಾಡೋ ಮುಂಚೆ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಆ ಕಡೆಯ ಏರ್ ಸ್ಪ್ರಿಂಗ್ (ಗಾಡಿಯ ಭಾರ ಹೊರೋ, ಗಾಳಿ ತುಂಬಿದ ರಬ್ಬರ್ ಚೀಲ) ಲೀಕ್ ಇರಬಹುದು. ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರೋ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿ ಕೆಟ್ಟ ದಾರಿಗೆ ಅಂತ ಇರೋ ಆಫ್‌ರೋಡ್ ಎತ್ತರಕ್ಕೆ ಗಾಡಿ ಏರಿಸಿ. ತಡೆದು ತಡೆದು, ತಿಣುಕುತ್ತಾ ಏರಿದರೆ ಆ ಚೀಲಗಳಿಗೆ ಗಾಳಿ ತುಂಬೋ ಕಂಪ್ರೆಸರ್ ಸೋತಿದೆ. ಏರಿದ ಮೇಲೆ ಏರ್ ಸ್ಪ್ರಿಂಗಿನ ರಬ್ಬರ್ ಮಡಿಕೆಗೆ ಸೋಪಿನ ನೀರು ಸ್ಪ್ರೇ ಮಾಡಿ, ಗುಳ್ಳೆ ಬರುತ್ತದಾ ನೋಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇದರಲ್ಲಿ ಜನ ದುಡ್ಡು ಕಳೆದುಕೊಳ್ಳೋದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಕಂಪ್ರೆಸರ್ ತಾನಾಗಿ ಹೋಗೋದು ಕಡಿಮೆ. ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬೋಕೆ ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ, ಓಡಿ ಓಡಿ ಸುಟ್ಟು ಹೋಗುತ್ತದೆ. ಗ್ಯಾರೇಜಿನವನು ಹೊಸ ಕಂಪ್ರೆಸರ್ ಹಾಕಿ ಕಳಿಸುತ್ತಾನೆ, ಲೀಕ್ ಹಾಗೇ ಇರುತ್ತದೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. ಏರ್ ಸಸ್ಪೆನ್ಶನ್ ತೆಗೆದು ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ನಾನು ಬೇಡ ಅನ್ನುತ್ತೇನೆ. ಎತ್ತರ ಏರಿಸೋ ಅನುಕೂಲವೇ ಹೋದ ಮೇಲೆ ತೋಟದ ದಾರಿಗೆ ಇದನ್ನೇ ಯಾಕೆ ಕೊಳ್ಳಬೇಕು, ಅಲ್ವಾ?

ಆಮೇಲೆ ಲಿಫ್ಟ್ ಮೇಲೆ ಎತ್ತಿಸಿ. ಚಕ್ರ ಹಿಡಿದಿರೋ ಲೋವರ್ ಆರ್ಮ್‌ನ ರಬ್ಬರ್ ಬುಷ್ ಸವೆದಿರೋದು ಮಾಮೂಲು, ಅದಕ್ಕೆ ಬೆಲೆ ಇಳಿಸಿ ಕೇಳಿ. ಉಡುಪಿ, ಮಂಗಳೂರು ಕಡೆ ಓಡಿದ ಗಾಡಿಯಾದರೆ ಚಾಸಿ (ಬಾಡಿಯ ಕೆಳಗಿನ ಚೌಕಟ್ಟು) ತುಕ್ಕು ಚೆನ್ನಾಗಿ ನೋಡಿ. ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಇನ್ನೂ ಚೆನ್ನಾಗಿ ನೋಡಿ. ಟರ್ಬೊ ಕೆಲಸಕ್ಕೆ ಬಾಡಿಯನ್ನೇ ಚಾಸಿಯಿಂದ ಎತ್ತಿದ್ದೇವೆ ಅಂತ ಬಿಲ್ಲಲ್ಲಿದ್ದರೆ ಗಾಬರಿ ಬೇಡ, ಈ ಗಾಡಿಯಲ್ಲಿ ಎಷ್ಟೋ ಗ್ಯಾರೇಜಿನವರು ಹಾಗೇ ಮಾಡೋದು.

2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಔಟರ್ ರಿಂಗ್ ರೋಡ್ ಕಡೆ ನೀರಲ್ಲಿ ಮುಳುಗಿದ ದೊಡ್ಡ ಗಾಡಿಗಳ ಚಿತ್ರ ನೀವೂ ನೋಡಿರುತ್ತೀರಿ. ಅಂಥ ಗಾಡಿ ನಿಮ್ಮ ಪಾಲಿಗೆ ಬರಬಾರದು ಅಂದರೆ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಸೀಟಿನ ಕೆಳಗಿನ ರೈಲ್ ನೋಡಿ, ಅಲ್ಲಿಯ ತುಕ್ಕು ಪಾಲಿಶ್‌ಗೆ ಹೋಗೋದಿಲ್ಲ.

ಡಿಎಲ್ ನಂಬರಿನ ದೆಹಲಿ ಗಾಡಿ ಅಗ್ಗ, ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಗಾಡಿಗಳು ದಕ್ಷಿಣಕ್ಕೆ ಬರತೊಡಗಿದವು. ಅಗ್ಗ ಅಂತ ತರೋ ಮುಂಚೆ ಅಲ್ಲಿಯ ಆರ್‌ಟಿಒ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದೆಯಾ, ಹಳೇ ಸಾಲದ ಹೈಪಾಥಿಕೇಶನ್ (ಗಾಡಿ ಮೇಲೆ ಬ್ಯಾಂಕಿನ ಹಕ್ಕು) ತೆಗೆಸಿದ್ದಾರಾ ನೋಡಿ, ಇಲ್ಲಿಯ ಆರ್‌ಟಿಒದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಟ್ಯಾಕ್ಸ್ ಲೆಕ್ಕ ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ, ನೀವು ಕೊಟ್ಟ ದುಡ್ಡಿನ ಮೇಲಲ್ಲ. 15 ವರ್ಷ ತುಂಬಿದರೆ ಆರ್‌ಸಿ ರಿನ್ಯೂವಲ್ ಬೇರೆ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಡಿಸ್ಕವರಿಯಂಥ ಆಮದು ಕಾರಿಗೆ ಅದು 40 ಸಾವಿರ ರೂಪಾಯಿ. 2010ರ ಡಿಸ್ಕವರಿಗಳು ಆಗಲೇ ಆ ಗಡಿ ಮುಟ್ಟಿವೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಗಾಡಿ ಬೆಲೆಯ ಮೂರನೇ ಒಂದು ಭಾಗ ಮೊದಲ ವರ್ಷದ ಕೆಲಸಕ್ಕೆ ಅಂತ ತೆಗೆದಿಡೋಕೆ ಆಗುತ್ತದಾ? ಆಗುತ್ತದೆ ಅಂದರೆ ಒಳ್ಳೇ ಡಿಸ್ಕವರಿ ಹುಡುಕೋಣ. ಕೆಸರಲ್ಲಿ, ಕಲ್ಲಲ್ಲಿ ಅದು ಹೋಗೋ ರೀತಿ ನನಗೆ ಬಹಳ ಇಷ್ಟ. ಆಗೋದಿಲ್ಲ ಅಂದರೆ ಟೊಯೊಟಾದ ಹಳೇ 3.0 ಡೀಸೆಲ್ ಪ್ರಾಡೊ ನೋಡಿ. ಬೆಲೆ ಜಾಸ್ತಿ, ಆದರೆ ಅದೇ ಎಂಜಿನ್ ನಮ್ಮಲ್ಲಿ ಮೊದಲ ಫಾರ್ಚೂನರ್‌ನಲ್ಲೂ ಬಂದಿದ್ದರಿಂದ ಹಾಸನದಲ್ಲೂ ಅದನ್ನು ಬಿಚ್ಚಿ ಜೋಡಿಸೋ ಮೆಕ್ಯಾನಿಕ್ ಸಿಗುತ್ತಾನೆ. ಪ್ರಾಡೊದಲ್ಲೂ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಬದಲಿಸಿದ ಬಿಲ್ಲು ಕೇಳಿ. ಅಲ್ಲಿ ಲೀಕ್ ಆದರೆ ಮಸಿ ಆಯಿಲ್‌ಗೆ ಇಳಿದು, ಕೆಳಗೆ ಆಯಿಲ್ ಎಳೆಯೋ ಜಾಲರಿ ಕಟ್ಟಿಕೊಂಡು ಎಂಜಿನ್ ಹಿಡಿದುಬಿಡುತ್ತದೆ.