ಕವಚದ ಅಳತೆ ನಡುವಿಗೇ ಮುಗಿಯಬೇಕು

ಪ್ರಾಚೀನ ಗ್ರೀಕ್ ಯೋಧರ ಲಿನನ್ ಕವಚವನ್ನು ನಾಟಕಕ್ಕೋ ಇತಿಹಾಸದ ಪ್ರದರ್ಶನಕ್ಕೋ ಮಾಡಿಸಿಕೊಳ್ಳಲು ಬರುವವರ ಅಳತೆಯ ಚೀಟಿಯಲ್ಲಿ ಹೆಚ್ಚಿನ ಸಲ ಒಂದೇ ತಪ್ಪು ಇರುತ್ತದೆ. ಅಂಗಿಗೆ ತೆಗೆಯುವಂತೆ ಭುಜದಿಂದ ತೊಡೆಯ ಬುಡದವರೆಗೆ ಉದ್ದ ಹಿಡಿದಿರುತ್ತಾರೆ. ಅದನ್ನು ತಿದ್ದುವುದರಲ್ಲೇ ಮೊದಲ ಭೇಟಿ ಮುಗಿದುಹೋಗುವುದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅಂಟಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಬಟ್ಟೆಯ ಪದರಗಳನ್ನು ಅಂಟಿನಿಂದ ಕೂಡಿಸುವ ಮಾದರಿಯನ್ನು ಜನಪ್ರಿಯಗೊಳಿಸಿದವರು ಬ್ರಿಟಿಷ್ ಲೇಖಕ, ಚಿತ್ರಕಾರ ಪೀಟರ್ ಕೊನೊಲಿ. ವಿಸ್ಕಾನ್ಸಿನ್-ಗ್ರೀನ್ ಬೇ ವಿಶ್ವವಿದ್ಯಾಲಯದ ಗ್ರೆಗರಿ ಆಲ್ಡ್ರೀಟ್ ಮತ್ತು ಅವರ ತಂಡದವರು ಅಂಥ ಕವಚಗಳನ್ನು ಮಾಡಿ ಬಾಣ ಬಿಟ್ಟೇ ಪರೀಕ್ಷಿಸಿದ್ದಾರೆ. ಆ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಲಿನನ್ ಕವಚದ ಮಾತೆತ್ತುವ ಪ್ರಾಚೀನ ಗ್ರೀಕ್ ಲೇಖಕರಾದ ಹೋಮರ್, ಹೆರೊಡೊಟಸ್, ಪೌಸೇನಿಯಸ್ ಯಾರೂ ಅಂಟಿನ ಹೆಸರೆತ್ತುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಬಳಸುವ ಅಗಸಿಯ ಗಿಡವೇ ಲಿನನ್ನಿನ ನಾರನ್ನೂ ಕೊಡುತ್ತದೆ. ಆ ಬಟ್ಟೆಯನ್ನು ಪದರದ ಮೇಲೆ ಪದರವಿಟ್ಟು ಕೌದಿಯಂತೆ ಒತ್ತಾಗಿ ಹೊಲಿದರೆ ಸಾಕಷ್ಟು ಬಿರುಸಾಗುತ್ತದೆ. ನಾನು ಹಾಗೆಯೇ ಹೊಲಿದುಕೊಡುತ್ತೇನೆ. ಪ್ರಾಚೀನ ಗ್ರೀಕ್ ಹೂದಾನಿಗಳ ಮೇಲೆ ಚಿತ್ರಿಸಿದ ಕವಚಗಳಲ್ಲಿ ಯಾವುದು ಲಿನನ್, ಯಾವುದು ಚರ್ಮ ಎಂದು ಬರಿಯ ಚಿತ್ರ ನೋಡಿ ಹೇಳಲಾಗದು ಎಂಬ ಎಚ್ಚರಿಕೆಯೂ ಇರಲಿ. ಆಕಾರ ಮಾತ್ರ ಎರಡಕ್ಕೂ ಒಂದೇ.

ಆ ಆಕಾರದಲ್ಲಿ ಮುಖ್ಯವಾದದ್ದು ಮೈಯನ್ನು ಸುತ್ತಿ ಬರುವ ಗಡಸು ಭಾಗ. ಅದು ಎಡಪಕ್ಕದಲ್ಲಿ, ಅಂದರೆ ಗುರಾಣಿಯ ಮರೆಯಲ್ಲಿ, ತೆರೆದುಕೊಂಡು ಲಾಡಿಗಳಿಂದ ಬಿಗಿಯುತ್ತದೆ. ಇದರ ಕೆಳ ಅಂಚು ನಡುವಿನಲ್ಲಿಯೇ ನಿಲ್ಲಬೇಕು. ನಡು ಎಂದರೆ ಪ್ಯಾಂಟಿನ ಬೆಲ್ಟು ಕೂರುವ ಜಾಗವಲ್ಲ. ನೆಟ್ಟಗೆ ನಿಂತು ಪಕ್ಕಕ್ಕೆ ವಾಲಿದಾಗ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಮೈ ಎಲ್ಲಿ ಮಡಚಿಕೊಳ್ಳುತ್ತದೆಯೋ ಆ ಗೆರೆ. ಅಂಗಿಯ ಬಟ್ಟೆ ಆ ಗೆರೆಯನ್ನು ದಾಟಿದರೂ ನೆರಿಗೆಯಾಗಿ ಮಡಚಿಕೊಳ್ಳುತ್ತದೆ, ಆದರೆ ಹಲಗೆಯಂತೆ ಬಿರುಸಾದ ಬಟ್ಟೆ ಮಡಚಿಕೊಳ್ಳದೆ ತೊಡೆಗೆ ಒತ್ತಿ, ಇಡೀ ಕವಚವನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾದರೆ ಹೊಟ್ಟೆಯ ಕೆಳಗಿನ ರಕ್ಷಣೆಯ ಗತಿಯೇನು ಎಂದು ಕೇಳುತ್ತಾರೆ. ಅದಕ್ಕಾಗಿಯೇ ಗ್ರೀಕರು 'ರೆಕ್ಕೆಗಳು' ಎಂದು ಕರೆದ ಪಟ್ಟಿಗಳಿವೆ. ನಡುವಿನ ಗೆರೆಯಿಂದಲೇ ಅವು ಸೀಳಿಕೊಂಡು ಇಳಿಯುತ್ತವೆ, ಮತ್ತು ಒಳಗಿನ ಇನ್ನೊಂದು ಸಾಲಿನ ಪಟ್ಟಿಗಳು ಹೊರಗಿನ ಸಾಲಿನ ಸಂದುಗಳನ್ನು ಹೆಂಚು ಹೊದಿಸಿದಂತೆ ಮುಚ್ಚುತ್ತವೆ. ಓದಿಕೊಂಡು ಬರುವ ಕೆಲವರು ಗ್ರೀಕ್ ಲೇಖಕ ಕ್ಸೆನೊಫನ್ ಹೇಳುವ ಖಾಲಿಬರು ಎಂಬ ಜನರನ್ನು ಮುಂದಿಡುತ್ತಾರೆ, ಏಕೆಂದರೆ ಆ ಜನರ ಲಿನನ್ ಕವಚ ಕಿಬ್ಬೊಟ್ಟೆಯವರೆಗೆ ಇತ್ತು. ಅವರು ಗ್ರೀಕರಲ್ಲ, ಮೇಲಾಗಿ ಅವರ ಕವಚಕ್ಕೂ ರೆಕ್ಕೆಗಳ ಬದಲು ಒತ್ತಾಗಿ ಹೊಸೆದ ಹಗ್ಗಗಳಿದ್ದವು ಎಂದು ಅದೇ ವಾಕ್ಯ ಹೇಳುತ್ತದೆ. ಅಲ್ಲಿಯೂ ಗಡಸು ಮುಗಿದ ಮೇಲೆ ಬಳುಕುವುದು ಶುರುವಾಗುತ್ತದೆ.

ಒಮ್ಮೆ ನಾಟಕದ ಹುಡುಗನೊಬ್ಬ ಬೇರೆ ಕಡೆ ಮಾಡಿಸಿದ ಕವಚವನ್ನು ತೊಟ್ಟುಕೊಂಡೇ ಬಂದ. ನಿಂತಾಗ ಚೆನ್ನಾಗಿಯೇ ಕಾಣುತ್ತಿತ್ತು. ಮೋಟು ಸ್ಟೂಲಿನ ಮೇಲೆ ಕೂರಿಸಿದ ಕೂಡಲೇ ಎದೆಯ ಅಂಚು ಗಂಟಲಿಗೆ ಬಂದು ತಗುಲಿತು, ಭುಜದ ಪಟ್ಟಿಗಳು ಕಿವಿಯ ಹತ್ತಿರಕ್ಕೆ ಏರಿದವು, ಅವನು ಗದ್ದ ಎತ್ತಿಕೊಂಡೇ ಮಾತಾಡಿದ. ಮೂರು ಪ್ರದರ್ಶನಗಳಲ್ಲಿ ಹಾಗೆಯೇ ಕುಳಿತಿದ್ದನಂತೆ ಪಾಪ. ಕತ್ತಿನ ಕೆಳಗೆ ಚರ್ಮ ಕೆಂಪಾಗಿ ತರಚಿತ್ತು. ಕೆಳಗಿನಿಂದ ನಾಲ್ಕು ಬೆರಳಗಲ ಕತ್ತರಿಸಿ, ನಡುವಿನ ಗೆರೆಗೆ ಹೊಸ ಪಟ್ಟಿಗಳನ್ನು ಕೂಡಿಸಿಕೊಟ್ಟೆ.

ಭುಜದ ಪಟ್ಟಿಗಳನ್ನು ಎದೆಗೆ ಶಾಶ್ವತವಾಗಿ ಹೊಲಿದುಬಿಡಿ ಎಂದೂ ಅವನು ಕೇಳಿಕೊಂಡ. ಅದಕ್ಕೆ ನಾನು ಒಪ್ಪಲಿಲ್ಲ. ಇವು ಬೆನ್ನಿನ ಕಡೆಯಿಂದ ಹೊರಟು, ಭುಜದ ಮೇಲೆ ಬಾಗಿ, ಎದೆಯ ಮೇಲೆ ದಾರದಿಂದ ಬಿಗಿಯುವ ಭಾಗಗಳು. ಬರ್ಲಿನ್ನಿನಲ್ಲಿರುವ, ಕ್ರಿ.ಪೂ. 500ರ ಸುಮಾರಿನ ಸೋಸಿಯಾಸ್ ಬಟ್ಟಲಿನ ಚಿತ್ರದಲ್ಲಿ, ಗಾಯಗೊಂಡ ಪೆಟ್ರೋಕ್ಲಸ್‌ನ ತೋಳಿಗೆ ಅವನ ಗೆಳೆಯ, ಟ್ರಾಯ್ ಯುದ್ಧದ ವೀರ ಅಕಿಲೀಸ್ ಬಟ್ಟೆ ಸುತ್ತುತ್ತಿದ್ದಾನೆ. ದಾರ ಬಿಚ್ಚಿದ ಭುಜದ ಪಟ್ಟಿ ಜೋತುಬೀಳದೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ನಿಂತಿದೆ. ಪಟ್ಟಿಯನ್ನು ಚಪ್ಪಟೆಯಾಗಿ ಕತ್ತರಿಸಿ, ದಾರ ಎಳೆದು ಬಾಗಿಸುತ್ತಿದ್ದರು ಎಂದು ನಾನು ಅದರಿಂದ ತಿಳಿಯುತ್ತೇನೆ. 1977ರಲ್ಲಿ ಉತ್ತರ ಗ್ರೀಸಿನ ವೆರ್ಗಿನಾದ ಗೋರಿಯಲ್ಲಿ ಪುರಾತತ್ತ್ವಜ್ಞ ಮನೋಲಿಸ್ ಆಂಡ್ರೋನಿಕೋಸ್ ಅವರಿಗೆ ಸಿಕ್ಕ ಕವಚ ಕಬ್ಬಿಣದ್ದಾದರೂ ಇದೇ ವಿನ್ಯಾಸದ್ದು. ಅದರ ಮೇಲೆ ಚಿನ್ನದ ಸಿಂಹಮುಖಗಳಿವೆ.

ಪಟ್ಟಿ ತನ್ನ ಬಿರುಸಿನಿಂದ ಮೇಲೇಳಲು ನೋಡುತ್ತದೆ, ದಾರ ಅದನ್ನು ಹಿಡಿದಿಡುತ್ತದೆ. ಕವಚ ಭುಜದ ಮೇಲೆ ಅಲುಗದೆ ಕೂರುವುದು ಈ ಎಳೆತದಿಂದಲೇ, ಮತ್ತು ಕೆಳ ಅಂಚು ನಡುವನ್ನು ದಾಟಿದರೆ ಪ್ರತಿ ಸಲ ಕೂತಾಗಲೂ ಕೆಳಗಿನ ತಳ್ಳಾಟವೆಲ್ಲ ಈ ದಾರಗಳ ಮೇಲೆಯೇ ಬೀಳುತ್ತದೆ. ದಾರ ಪದೇ ಪದೇ ಕಿತ್ತುಬರುತ್ತದೆ ಎಂದು ದೂರುವವರಿಗೆ ದಪ್ಪ ದಾರ ಕೊಡುವ ಮೊದಲು ನಾನು ಅವರ ಕವಚದ ಉದ್ದವನ್ನು ಅಳೆಯುವುದು ಇದಕ್ಕಾಗಿ. ಹೊಸದಾಗಿ ಮಾಡಿಸುವವರಿಗೆ ಮೊದಲು ದಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸುತ್ತೇನೆ, ಏಕೆಂದರೆ ಮೆತ್ತನೆಯ ಬಟ್ಟೆಯ ಮಾದರಿ ತಪ್ಪನ್ನು ಮುಚ್ಚಿಡುತ್ತದೆ. ಅದನ್ನು ತೊಟ್ಟು ಕೂತು, ಎದ್ದು, ಬಗ್ಗಿ ಚಪ್ಪಲಿಯ ಪಟ್ಟಿ ಕಟ್ಟಿಕೊಂಡು ತೋರಿಸಿದ ಮೇಲೆಯೇ ಲಿನನ್ನಿಗೆ ಕತ್ತರಿ ಹಾಕುವುದು.