ತವರಿಗೆ ಮರಳಿದ ಫ್ರಿಜ್ಜು

ಅಮ್ಮನ ಹಳೇ ಫ್ರಿಜ್ಜು ಹತ್ತು ವರ್ಷದಿಂದ ಯುಟಿಲಿಟಿಯ ಮೂಲೆಯಲ್ಲಿ ನಿಂತಿತ್ತು. 165 ಲೀಟರಿನದು, ಒಂದೇ ಬಾಗಿಲು, ತೊಂಬತ್ತರ ದಶಕದಲ್ಲಿ ಕಂತಿನ ಮೇಲೆ ತಂದದ್ದು. ಕೆಟ್ಟಿರಲಿಲ್ಲ, ಆದರೆ ಯಾರಿಗೂ ಬೇಕಿರಲಿಲ್ಲ. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿ ಹೋದ. ಅಮ್ಮ ಕೊಡಲಿಲ್ಲ. ಒಳಗೆ ಹಪ್ಪಳದ ಡಬ್ಬ, ಹಳೇ ಪೇಪರು, ದಸರಾ ಗೊಂಬೆಗಳು ಸೇರಿಕೊಂಡಿದ್ದವು.

ಅಮೆರಿಕದಲ್ಲಿ 12 ವರ್ಷ ಇದ್ದು ರಾಜಾಜಿನಗರಕ್ಕೆ ವಾಪಸ್ ಬಂದ ಭಾವ ಒಂದು ಭಾನುವಾರ ಗೊಂಬೆಗಳನ್ನೆಲ್ಲ ಹೊರಗಿಟ್ಟು, ಟೇಪು ಹಿಡಿದು ಒಳಗೆ ಅಳೆಯತೊಡಗಿದರು. ಅವರ ಸಾಮಾನಿನ ಜೊತೆ ಒಂದು ಸ್ಟೀಲ್ ಕೆಗ್ ಕೂಡ ಬಂದಿತ್ತು, ಅಂದರೆ ಬಿಯರ್ ತುಂಬಿಡುವ ಪೀಪಾಯಿ. "ಬಾಗಿಲಿಗೆ ಒಂದು ನಲ್ಲಿ ಕೂರಿಸಿದರೆ ಆಯ್ತು, ಮನೇಲೇ ಡ್ರಾಫ್ಟ್ ಬಿಯರ್" ಅಂದರು. ಅಮ್ಮ ಏನೂ ಅನ್ನಲಿಲ್ಲ. ಅಳಿಯಂದಿರಿಗೆ ಏನು ಅನ್ನೋದು? ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ.

ಬಿಯರ್ ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾಗಿ, ಸ್ವಂತಕ್ಕೆ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ದಾರಿಯಾಯಿತು. ಭಾವ ಈ ವಿದ್ಯೆ ಕಲಿತದ್ದು ಅಲ್ಲೇ. ಇಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಹಾಗಾಗಿ ನಮ್ಮ ಕೆಗ್ಗಿಗೆ ಬಿದ್ದದ್ದು ಕಾಯಿಸಿ ಆರಿಸಿದ ಕಾವೇರಿ ನೀರು. ಅದನ್ನೇ ಸೋಡಾ ಮಾಡೋದು ಅಂತ ತೀರ್ಮಾನವಾಯಿತು. ಗ್ಯಾಸು, ಒತ್ತಡ, ಪೈಪು, ನಲ್ಲಿ ಎಲ್ಲದರ ಲೆಕ್ಕ ಮಾತ್ರ ಬಿಯರಿನದೇ. ಕೆಗ್ಗಿಗೂ ಇದರಲ್ಲಿ ಅವಮಾನ ಏನಿಲ್ಲ. 19 ಲೀಟರಿನ ಈ ಕಾರ್ನೀಲಿಯಸ್ ಕೆಗ್ ಹುಟ್ಟಿದ್ದೇ ಸೋಡಾ ಅಂಗಡಿಗಳಿಗೆ ಸಿರಪ್ ಸಾಗಿಸುವುದಕ್ಕೆ. ಮನೆಯಲ್ಲಿ ಬಿಯರ್ ಮಾಡುವವರು ಅದನ್ನು ಆಮೇಲೆ ತಮ್ಮದು ಮಾಡಿಕೊಂಡರು.

ಆದರೆ ಫ್ರಿಜ್ಜಿನ ಕತೆ ಉಲ್ಟಾ. ಅದರ ತವರೇ ಬಿಯರ್ ಕಾರ್ಖಾನೆ.

ಲಾಗರ್ ಅನ್ನುವ ಬಗೆಯ ಬಿಯರನ್ನು ಹುದುಗಿಸುವ ಯೀಸ್ಟಿಗೆ ಸುಮಾರು 10 ಡಿಗ್ರಿಯ ತಂಪು ಬೇಕು. ಆಮೇಲೆ ಇನ್ನೂ ತಣ್ಣಗೆ ವಾರಗಟ್ಟಲೆ ಇಡಬೇಕು. ಲಾಗರ್ ಅನ್ನುವ ಜರ್ಮನ್ ಮಾತಿನ ಅರ್ಥವೇ ಉಗ್ರಾಣ. ಬೇಸಿಗೆಯಲ್ಲಿ ಮಾಡಿದ ಬಿಯರ್ ಹುಳಿಯಾಗಿ ಕೆಡುತ್ತಿತ್ತು. ಅದಕ್ಕೇ 1553ರಲ್ಲಿ ಬವೇರಿಯಾದ ದೊರೆ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಮಾಡಕೂಡದು ಅಂತ ಆಜ್ಞೆ ಹೊರಡಿಸಿದ. ಚಳಿಗಾಲದಲ್ಲಿ ಕೆರೆಗಳ ಮೇಲಿನ ಮಂಜುಗಡ್ಡೆ ಕೊಯ್ದು ನೆಲಮಾಳಿಗೆಗೆ ತುಂಬಿಕೊಳ್ಳುವುದೇ ಅಲ್ಲಿನವರಿಗೆ ಒಂದು ಸುಗ್ಗಿ. 1870ರ ದಶಕದಲ್ಲಿ ಮ್ಯೂನಿಕ್‌ನ ಪ್ರೊಫೆಸರ್ ಕಾರ್ಲ್ ಲಿಂಡೆ ಮಂಜುಗಡ್ಡೆಯ ಹಂಗಿಲ್ಲದೆ ತಂಪು ಮಾಡುವ ಯಂತ್ರ ಕಟ್ಟಿದ. ಅದನ್ನು ಮೊದಲು ಓಡಿಸಿ ನೋಡಿದ್ದು ಅದೇ ಊರಿನ ಸ್ಪಾಟನ್ ಬಿಯರ್ ಕಾರ್ಖಾನೆಯಲ್ಲಿ. ನಮ್ಮ ಅಡುಗೆಮನೆಯ ಹಾಲು, ಸೊಪ್ಪು, ಇಡ್ಲಿ ಹಿಟ್ಟಿನ ಸರದಿ ಬಂದದ್ದು ಎಷ್ಟೋ ಆಮೇಲೆ.

ಕೆಲಸಕ್ಕೆ ಬರೋಣ. ನಲ್ಲಿಗೆ ತೂತು ಕೊರೆಯಬೇಕು. ಎಲ್ಲಿ? ಬಾಗಿಲಿನಲ್ಲಿ ಮಾತ್ರ. ಇಂಥ ಹಳೇ ಫ್ರಿಜ್ಜಿನ ಬಾಗಿಲೊಳಗೆ ಬರೀ ಫೋಮ್ ಇರುತ್ತದೆ. ಗೋಡೆಗಳ ಒಳಗೆ ಎಲ್ಲೆಲ್ಲಿ ತಂಪು ಮಾಡುವ ಅನಿಲದ ಕೊಳವೆ ಹೋಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ಡ್ರಿಲ್ ತಗುಲಿದರೆ ಫ್ರಿಜ್ಜಿನ ಜೀವ ಹೋಯಿತು. ಆ ಕಾಲದ ಫ್ರಿಜ್ಜುಗಳಲ್ಲಿ ಇರುತ್ತಿದ್ದದ್ದು ಆರ್-12, ಓಜೋನ್ ಪದರ ತಿನ್ನುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಒಂದೊಂದೇ ದೇಶ ಅದನ್ನು ಬಿಟ್ಟಿತು. ಈಗಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಐಸೋಬ್ಯೂಟೇನ್ ಇರುತ್ತದೆ. ಅದು ಓಜೋನಿಗೆ ಸಾಧು, ಬೆಂಕಿಗೆ ಅಲ್ಲ. ಡ್ರಿಲ್ಲಿನ ಒಂದು ಕಿಡಿ ಸಾಕು.

ಎಸ್.ಪಿ. ರೋಡಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ತಂದೆವು. ಅದರ ಸೆನ್ಸರನ್ನು ಗಾಳಿಯಲ್ಲಿ ನೇತುಬಿಡದೆ ಕೆಗ್ಗಿನ ಮೈಗೆ ಟೇಪ್ ಹಾಕಿ ಅಂಟಿಸಬೇಕು. ಬಾಗಿಲು ತೆಗೆದಾಗಲೆಲ್ಲ ಗಾಳಿ ಬಿಸಿಯಾಗುತ್ತದೆ, ನೀರು ಅಷ್ಟು ಬೇಗ ಆಗುವುದಿಲ್ಲ. ಕಂಪ್ರೆಸರ್ ಸುಮ್ನೆ ಸುಮ್ನೆ ಆನ್ ಆಫ್ ಆಗುವುದು ತಪ್ಪುತ್ತದೆ. 19 ಲೀಟರ್ ನೀರನ್ನು 28ರಿಂದ 4 ಡಿಗ್ರಿಗೆ ಇಳಿಸಲು ಸುಮಾರು 1900 ಕಿಲೋಜೂಲ್ ಶಾಖ ಹೊರಗೆ ಹಾಕಬೇಕು. ಚಿಕ್ಕ ಫ್ರಿಜ್ಜಿಗೆ ಇದು ಒಂದು ರಾತ್ರಿಯಲ್ಲಿ ಮುಗಿಯುವ ಮಾತಲ್ಲ.

ನಾನು ಹೆದರಿದ್ದು ಆ ಮರುದಿನ. ಪೀಣ್ಯದಿಂದ ತಂದ 2 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನೂ ಕೆಗ್ಗಿನ ಪಕ್ಕದಲ್ಲೇ ಹೇಗೋ ತುರುಕಿದ್ದೆವು. ರಾತ್ರಿ ಅದರ ಮೀಟರು 900 ಪಿಎಸ್‌ಐ ದಾಟಿ ನಿಂತಿತ್ತು. ಪಿಎಸ್‌ಐ ಅಂದರೆ ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ಹಿಡಿಸುವಾಗ ಹೇಳುತ್ತೇವಲ್ಲ, ಅದೇ ಅಳತೆ. ಬೆಳಗ್ಗೆ ನೋಡಿದರೆ 600ಕ್ಕೂ ಕೆಳಗೆ. ಮೂರನೇ ಒಂದು ಭಾಗ ಗ್ಯಾಸ್ ಸೋರಿಹೋಯಿತು ಅಂತ ಭಾವನನ್ನು ಎಬ್ಬಿಸಿದೆ. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ತಕ್ಕಡಿಯ ಮೇಲಿಟ್ಟರೆ ತೂಕ ರಾತ್ರಿಯಷ್ಟೇ ಇದೆ!

ಸಿಲಿಂಡರಿನೊಳಗೆ ಇರುವುದು ಬರೀ ಅನಿಲವಲ್ಲ. ಕೆಳಗೆ ದ್ರವ, ಮೇಲೆ ಅನಿಲ. ಇವೆರಡೂ ಒಂದೇ ಡಬ್ಬಿಯಲ್ಲಿ ಇರುವವರೆಗೆ ಒತ್ತಡವನ್ನು ತೀರ್ಮಾನಿಸುವುದು ಉಷ್ಣತೆ ಮಾತ್ರ, ಎಷ್ಟು ಉಳಿದಿದೆ ಅನ್ನುವುದಲ್ಲ. 25 ಡಿಗ್ರಿಯಲ್ಲಿ ಸುಮಾರು 930 ಪಿಎಸ್‌ಐ, 4 ಡಿಗ್ರಿಯಲ್ಲಿ ಸುಮಾರು 560. ಸಿಲಿಂಡರು ತಣ್ಣಗಾಗಿತ್ತು, ಅಷ್ಟೇ. ಎಲ್‌ಪಿಜಿ ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಒಲೆ ಕೊನೇ ದಿನದವರೆಗೆ ಚೆನ್ನಾಗಿಯೇ ಉರಿಯುವುದು ಇದಕ್ಕೇ. ಅಮ್ಮ ಅದನ್ನು ಅಲ್ಲಾಡಿಸಿ, ಒಳಗಿನ ದ್ರವದ ಕುಲುಕಾಟ ನೋಡಿಯೇ ಇನ್ನೆಷ್ಟು ದಿನ ಅಂತ ಹೇಳುತ್ತಾಳೆ. ಒತ್ತಡದ ಮೀಟರಿಗೆ ಆ ಬುದ್ಧಿ ಇಲ್ಲ. ನಮ್ಮ ಸಿಲಿಂಡರಿನಲ್ಲಿ ಅಮ್ಮನ ವಿದ್ಯೆಯೂ ಯಾವಾಗಲೂ ನಡೆಯುವುದಿಲ್ಲ. 31 ಡಿಗ್ರಿ ದಾಟಿತೆಂದರೆ ಇಂಗಾಲದ ಡೈಆಕ್ಸೈಡಿನಲ್ಲಿ ದ್ರವ, ಅನಿಲ ಅನ್ನುವ ಭೇದವೇ ಅಳಿಸಿಹೋಗುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಸಿಲಿಂಡರನ್ನು ಹೊರಗಿಟ್ಟು ಅಲ್ಲಾಡಿಸಿದರೆ ಕುಲುಕುವುದಕ್ಕೆ ಒಳಗೆ ದ್ರವವೇ ಇರುವುದಿಲ್ಲ. ತೂಕ ಮಾಡುವುದೊಂದೇ ದಾರಿ.

ಒಂದು ಕ್ಷಣ ಅಡುಗೆಮನೆಯ ಕುಕ್ಕರಿನ ಕಡೆ ತಿರುಗಿ. ಅದರಲ್ಲೂ ಇದೇ ಆಟ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ವೆಯ್ಟು ಸುಮಾರು 15 ಪಿಎಸ್‌ಐ ಹಿಡಿದಿಡುವುದರಿಂದ ಒಳಗೆ 120ರ ಹತ್ತಿರ ಹೋಗುತ್ತದೆ. ಒತ್ತಡ ಏರಿಸಿದರೆ ಕುದಿಯುವ ಬಿಂದು ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಫ್ರಿಜ್ಜು ಈ ಎರಡನ್ನೂ ಸುತ್ತುಸುತ್ತಾಗಿ ಮಾಡುತ್ತದೆ. ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ, ಅದು ಬೆನ್ನ ಹಿಂದಿನ ಕಪ್ಪು ಜಾಲರಿಯಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಸಣ್ಣ ಕೊಳವೆ ದಾಟಿ ಒಳಗೆ ಬಂದಾಗ ಒತ್ತಡ ಇಳಿದು, ಫ್ರೀಜರಿನ ಸುತ್ತ ಆ ಚಳಿಯಲ್ಲೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೆಗ್ಗಿನಿಂದ ಕಿತ್ತುಕೊಳ್ಳುತ್ತದೆ. ಕುಕ್ಕರು, ಫ್ರಿಜ್ಜು, ಸಿಲಿಂಡರು ಮೂರೂ ಒಂದೇ ಮನೆತನದವು.

ಕೆಗ್ಗು ಇವುಗಳ ದಾಯಾದಿ. ಅಲ್ಲಿ ಅನಿಲ ದ್ರವವಾಗುವುದಿಲ್ಲ, ದ್ರವದಲ್ಲಿ ಕರಗುತ್ತದೆ. ಒತ್ತಡ ಎಷ್ಟು ಪಟ್ಟು ಜಾಸ್ತಿಯೋ ಅಷ್ಟು ಪಟ್ಟು ಅನಿಲ ಕರಗುತ್ತದೆ ಅಂತ ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ಕಂಡುಕೊಂಡ. ತಂಪಿದ್ದರೆ ಇನ್ನೂ ಜಾಸ್ತಿ. ಮಾಮೂಲಿ ಒತ್ತಡದಲ್ಲಿ ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 0.9 ಲೀಟರ್ ಇಂಗಾಲದ ಡೈಆಕ್ಸೈಡ್ ಹಿಡಿದರೆ, 0 ಡಿಗ್ರಿಯಲ್ಲಿ 1.7 ಲೀಟರ್ ಹಿಡಿಯುತ್ತದೆ. ಬಹಳಷ್ಟು ಬಿಯರುಗಳಿಗೆ ಬೇಕಾದದ್ದು ಲೀಟರಿಗೆ ಸುಮಾರು ಎರಡೂವರೆ ಲೀಟರ್ ಅನಿಲ. 4 ಡಿಗ್ರಿಯಲ್ಲಿ ಅದಕ್ಕೆ 12 ಪಿಎಸ್‌ಐ ಸಾಕು. ಕುಕ್ಕರಿಗಿಂತಲೂ ಕಡಿಮೆ! ಇದನ್ನು ಹೇಳಿದ ಮೇಲೆಯೇ ಅಮ್ಮ ಯುಟಿಲಿಟಿಯೊಳಗೆ ಕಾಲಿಟ್ಟದ್ದು.

ಆ 12 ಇರುವುದು ಭಾವ ಅಮೆರಿಕದಿಂದ ತಂದ ಪಟ್ಟಿಯಲ್ಲಿ. ಅದು ಸಮುದ್ರಮಟ್ಟದ ಲೆಕ್ಕ. ನಾವು ಕೂತಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯೇ 14.7 ಪಿಎಸ್‌ಐ ಒತ್ತುತ್ತದೆ, ಇಲ್ಲಿ ಸುಮಾರು 13.2. ಸಿಲಿಂಡರಿನ ಒತ್ತಡ ಇಳಿಸಿ ಕೆಗ್ಗಿಗೆ ಬಿಡುವ ರೆಗ್ಯುಲೇಟರಿನ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನುವುದನ್ನು ಮಾತ್ರ. ಕರಗುವ ಅನಿಲಕ್ಕೆ ಬೇಕಾದದ್ದು ಒಟ್ಟು ಒತ್ತಡ. ಆದ್ದರಿಂದ ಮಂಗಳೂರಿನಲ್ಲಿ 12 ಇಟ್ಟರೆ ಬೆಂಗಳೂರಿನಲ್ಲಿ 13.5 ಇಡಬೇಕು. ನಾವು ಹಾಗೇ ಇಟ್ಟು ಒಂದು ವಾರ ಬಿಟ್ಟೆವು.

ಒಂದು ವಾರದ ಮೇಲೆ ನಲ್ಲಿ ತಿರುಗಿಸಿದರೆ ಲೋಟದ ತುಂಬ ಬೆಳ್ಳಗೆ ಬುರುಬುರು. ಕ್ಷಣದಲ್ಲಿ ಅದು ಇಳಿದುಹೋಗಿ ತಳದಲ್ಲಿ ಸಪ್ಪೆ ನೀರು ಉಳಿಯಿತು. ಬಿಯರಾಗಿದ್ದರೆ ಈ ನೊರೆ ಇಷ್ಟು ಬೇಗ ಹೋಗುತ್ತಿರಲಿಲ್ಲ. ಬಾರ್ಲಿಯ ಪ್ರೋಟೀನೂ ಹಾಪ್ಸ್ ಹೂವಿನ ಕಹಿಯೂ ಗುಳ್ಳೆಯ ಸುತ್ತ ಸೇರಿ ಅದನ್ನು ಒಡೆಯದಂತೆ ಹಿಡಿದಿಡುತ್ತವೆ.

ತಪ್ಪು ನಮ್ಮದೇ. ಕೆಗ್ಗಿನಿಂದ ನಲ್ಲಿಗೆ ಎರಡೇ ಅಡಿ ದೂರ ಅಂತ ಎರಡೇ ಅಡಿ ಪೈಪು ಹಾಕಿದ್ದೆವು. ಗೋಲಿ ಸೋಡಾದ ಗೋಲಿಯನ್ನು ಹೆಬ್ಬೆರಳಿನಲ್ಲಿ ಒತ್ತಿದಾಗ ಏನಾಗುತ್ತದೆ? ಒಳಗಿನ ಒತ್ತಡ ಒಮ್ಮೆಲೇ ಬಿಟ್ಟುಹೋಗಿ, ಕರಗಿದ್ದ ಅನಿಲ ಹೊರಗೆ ನುಗ್ಗುತ್ತದೆ. ನಮ್ಮ ನಲ್ಲಿಯಲ್ಲಿ ಆದದ್ದೂ ಅದೇ. 13.5 ಪಿಎಸ್‌ಐ ಪೂರ್ತಿ ನಲ್ಲಿಯ ಬಾಯಲ್ಲೇ ಬಿಚ್ಚಿಕೊಂಡಿತ್ತು. ಅದು ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಖರ್ಚಾಗಬೇಕು. ಮೇಲಿನ ಟ್ಯಾಂಕಿಗೆ ದೂರದ ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಅಂತ ಬೈದುಕೊಳ್ಳುತ್ತೇವಲ್ಲ, ಇಲ್ಲಿ ಬೇಕಾದದ್ದು ಅದೇ. ಪೈಪಿನ ಗೋಡೆಗೆ ಉಜ್ಜಿಕೊಂಡು ಒತ್ತಡ ಸವೆಯಬೇಕು. ಪೈಪು ಎಷ್ಟು ಉದ್ದ ಅನ್ನುವಷ್ಟೇ ಮುಖ್ಯ, ಎಷ್ಟು ಸಣ್ಣ ಅನ್ನುವುದು. ಒಳವ್ಯಾಸ ಅರ್ಧವಾದರೆ ಅಷ್ಟೇ ಹರಿವಿಗೆ ಬೇಕಾದ ಒತ್ತಡ 16 ಪಟ್ಟಿಗೂ ಮೀರುತ್ತದೆ. ಒಳವ್ಯಾಸ 3/16 ಅಂಗುಲ, ಉದ್ದ 10 ಅಡಿ ಅನ್ನುವುದು ಮನೆಯಲ್ಲಿ ಮಾಡುವವರ ರೂಢಿ. ಅದನ್ನು ಸುರುಳಿ ಸುತ್ತಿ ಕೆಗ್ಗಿನ ತಲೆಯ ಮೇಲಿಟ್ಟೆವು, ಪೈಪೂ ತಣ್ಣಗಿರಲಿ ಅಂತ. ಬಿಸಿ ಪೈಪಿನೊಳಗೇ ಗುಳ್ಳೆ ಶುರುವಾಗುತ್ತದೆ. ಇಂದಿರಾನಗರದ ಮೈಕ್ರೋಬ್ರೂವರಿಯಲ್ಲಿ ಕೂತು ಕುಡಿಯುವವರು ನಲ್ಲಿ ನೋಡುತ್ತಾರೆ, ಗೋಡೆಯ ಹಿಂದಿನ ಪೈಪಿನ ಲೆಕ್ಕ ಯಾರಿಗೂ ಕಾಣದು.

ಇನ್ನೊಂದು ಸಂಗತಿ, ನಲ್ಲಿಯನ್ನು ಪೂರ್ತಿ ತೆರೆಯಬೇಕು. ನೊರೆಗೆ ಹೆದರಿ ಅರ್ಧ ತೆರೆದರೆ ಸಣ್ಣ ಕಿಂಡಿಯಲ್ಲಿ ನುಗ್ಗಿ ಇನ್ನಷ್ಟು ನೊರೆ. ಲೋಟವನ್ನು ವಾರೆ ಹಿಡಿಯಬೇಕು. ಕಾಫಿಯನ್ನು ಎತ್ತಿ ಎತ್ತಿ ಹೊಯ್ದು ನೊರೆ ಬರಿಸುವ ಕೈಗೆ ಇದು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಸಿಲಿಂಡರನ್ನು ಈಗ ಫ್ರಿಜ್ಜಿನ ಹೊರಗೆ ಗ್ರಿಲ್ಲಿಗೆ ಚೈನ್ ಹಾಕಿ ನಿಲ್ಲಿಸಿದ್ದೇವೆ. 2 ಕೆ.ಜಿ. ಪೂರ್ತಿ ಸೋರಿದರೆ ಸುಮಾರು 1200 ಲೀಟರ್ ಅನಿಲ. ಮುಚ್ಚಿದ 10 ಅಡಿ ಚೌಕದ ರೂಮಿನಲ್ಲಿ ಅದು ಗಾಳಿಯ ನೂರಕ್ಕೆ 4 ಭಾಗವಾಗುತ್ತದೆ. ಅದು ಜೀವಕ್ಕೇ ಅಪಾಯದ ಮಟ್ಟ. ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಹತ್ತಿರ ತುಂಬಿಕೊಳ್ಳುತ್ತದೆ. ಬಾಗಿಲು ಹಾಕಿಕೊಂಡು ಮಲಗುವ ಕೋಣೆಯಲ್ಲಿ ಇದನ್ನು ಯಾರೂ ಇಡಬಾರದು. ನಮ್ಮ ಯುಟಿಲಿಟಿಗೆ ಇರುವುದು ಬರೀ ಗ್ರಿಲ್ಲು, ಗಾಳಿ ಆಡುತ್ತದೆ.

ಪೈಪು ಬದಲಾಯಿಸಿದ ಮೇಲೆ ನೀರು ಸದ್ದಿಲ್ಲದೆ ಇಳಿಯಿತು, ಗುಳ್ಳೆಗಳು ಲೋಟದ ತಳದಿಂದ ಒಂದರ ಹಿಂದೆ ಒಂದು ಸಾಲಾಗಿ ಎದ್ದವು. ಭಾವ ಮೊದಲ ಲೋಟಕ್ಕೆ ನಿಂಬೆಹುಳಿ, ಶುಂಠಿ, ಉಪ್ಪು ಹಾಕಿ ಅಮ್ಮನಿಗೆ ಕೊಟ್ಟರು. ಅವಳು ಎರಡು ಗುಟುಕು ಕುಡಿದಳು.

"ಚೆನ್ನಾಗಿದೆ ಅಳಿಯಂದ್ರೇ. ಆದ್ರೆ ಗೋಲಿ ಸೋಡಾ ಮೂಗಿಗೆ ಏರತ್ತಲ್ಲ, ಹಾಗೆ ಏರಲ್ಲ."

ಸರಿಯಾಗಿಯೇ ಹೇಳಿದಳು. ಬಿಯರಿಗೆ ಎರಡೂವರೆ ಪಾಲು ಅನಿಲ ಸಾಕು, ಚುರುಕಾದ ಸೋಡಾಕ್ಕೆ 4 ಬೇಕು. ಅಂದರೆ ರೆಗ್ಯುಲೇಟರಿನಲ್ಲಿ 30ರ ಆಸುಪಾಸು. ಅಷ್ಟಕ್ಕೆ 10 ಅಡಿ ಪೈಪು ಎಲ್ಲಿ ಸಾಲಬೇಕು, ಅಲ್ವಾ? ಭಾವ ಮತ್ತೆ ಟೇಪು ಹುಡುಕುತ್ತಿದ್ದಾರೆ.