ಹದಿನಾರು ವಾಲ್ವ್ ಇದ್ದೂ ಗಾಡಿ ಎಳೆಯದೇಕೆ?

“ಹದಿನಾರು ವಾಲ್ವ್ ಗಾಡಿ ಸರ್, ಆದರೂ ಪಿಕಪ್ ಇಲ್ಲ.” ಇಂಜಿನ್ನಿನ ಹೆಡ್, ಅಂದರೆ ವಾಲ್ವ್‌ಗಳು ಕೂರುವ ಮೇಲ್ಭಾಗದ ಕೆಲಸ ಮಾಡುವ ನಮ್ಮಂಥವರಿಗೆ ಈ ದೂರು ಕೇಳಿ ಕೇಳಿ ಸಾಕಾಗಿದೆ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ ಎಂಟು ವಾಲ್ವ್, ನಾಲ್ಕರಂತೆ ಹದಿನಾರು. ಎಂಟರ ಎರಡರಷ್ಟು ಹದಿನಾರು, ಹಾಗಾಗಿ ಶಕ್ತಿಯೂ ಎರಡರಷ್ಟು ಎಂಬುದು ಗಿರಾಕಿಯ ಲೆಕ್ಕ. ವಾಲ್ವ್ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ, ಗಾಳಿಗೆ ದಾರಿ ಬಿಡುತ್ತದೆ ಅಷ್ಟೆ.

ಎಷ್ಟು ದಾರಿ ಎನ್ನುವುದಕ್ಕೆ ಲೆಕ್ಕವಿದೆ. 81 ಮಿ.ಮೀ. ಬೋರಿನ (ಒಳ ಅಗಲದ) ಸಿಲಿಂಡರಿನಲ್ಲಿ ಗಾಳಿಯನ್ನು ಒಳಗೆ ಬಿಡುವ, 36 ಮಿ.ಮೀ. ಅಗಲದ ಒಂದು ಇನ್‌ಲೆಟ್ ವಾಲ್ವ್ ಇದೆ ಎನ್ನಿ. ಅದು ಸೀಟಿನಿಂದ 8 ಮಿ.ಮೀ. ಎದ್ದಾಗ ಸುತ್ತ ತೆರೆಯುವ ಸಂದು ಸುಮಾರು 900 ಚದರ ಮಿ.ಮೀ. ಅಲ್ಲೇ 30 ಮಿ.ಮೀ.ನ ಎರಡು ವಾಲ್ವ್ ಕೂರಿಸಿ ಅಷ್ಟೇ ಎತ್ತಿದರೆ 1,500 ದಾಟುತ್ತದೆ. ಒಂದೊಂದೂ ಹಗುರ, ಹಾಗಾಗಿ ಇಂಜಿನ್ ಇನ್ನಷ್ಟು ಜೋರಾಗಿ ತಿರುಗಿದರೂ ಸ್ಪ್ರಿಂಗ್ ಅದನ್ನು ಹೊತ್ತಿಗೆ ಸರಿಯಾಗಿ ಮುಚ್ಚಬಲ್ಲದು. ಸ್ಪಾರ್ಕ್ ಪ್ಲಗ್ಗಿಗೆ ನಟ್ಟನಡುವೆ ಜಾಗವೂ ಸಿಗುತ್ತದೆ.

ಇದೆಲ್ಲ ಜಪಾನಿನವರ ಆವಿಷ್ಕಾರ ಎಂದು ನನ್ನೊಡನೆ ವಾದಕ್ಕೆ ನಿಲ್ಲುವವರೂ ಇದ್ದಾರೆ. 1912ರ ಫ್ರೆಂಚ್ ಗ್ರ್ಯಾನ್ ಪ್ರಿ ಕಾರ್ ರೇಸನ್ನು ಜಾರ್ಜ್ ಬುವಾಲೊ ಗೆದ್ದ ಪ್ಯೂಜೊ ಕಾರಿನಲ್ಲೇ ಸಿಲಿಂಡರಿಗೆ ನಾಲ್ಕು ವಾಲ್ವ್, ಹೆಡ್‌ನ ಮೇಲೆ ವಾಲ್ವ್ ತೆರೆಯುವ ಎರಡು ಕ್ಯಾಮ್ ಶಾಫ್ಟ್ ಇದ್ದವು. ಅದರ ಇಂಜಿನ್ 7.6 ಲೀಟರ್, ಅದು ಸೋಲಿಸಿದ ಫಿಯಟ್‌ನದು 14 ಲೀಟರ್. ಆದರೂ ನಾಲ್ಕು ವಾಲ್ವ್ ಎಲ್ಲೆಡೆ ಹಬ್ಬಲಿಲ್ಲ. 1950ರ ದಶಕದಲ್ಲಿ ಜಾಗ್ವಾರ್ ಸಿಲಿಂಡರಿಗೆ ಎರಡೇ ವಾಲ್ವ್ ಇಟ್ಟುಕೊಂಡು ಲ ಮಾನ್ ಓಟವನ್ನು ಐದು ಸಲ ಗೆದ್ದಿತು. ಹಳೆಯ ನಾಲ್ಕು ವಾಲ್ವ್ ಹೆಡ್‌ಗಳಲ್ಲಿ ವಾಲ್ವ್‌ಗಳು ಎರಡೂ ಬದಿಗೆ ತೀರಾ ಓರೆಯಾಗಿ ನಿಂತಿರುತ್ತಿದ್ದವು. ಅದರಿಂದ ದಹನಕೋಶ ಆಳವಾಗಿ, ಬೆಂಕಿ ನಿಧಾನವಾಗಿ ಹರಡುತ್ತಿತ್ತು. ಇಂಗ್ಲೆಂಡಿನ ಇಂಜಿನ್ ತಯಾರಕ ಕಾಸ್ವರ್ತ್‌ನ ಕೀತ್ ಡಕ್‌ವರ್ತ್ ತಮ್ಮ ಡಿಎಫ್‌ವಿ ಎಂಬ ರೇಸ್ ಇಂಜಿನ್ನಿನಲ್ಲಿ ಆ ಕೋನವನ್ನು 32 ಡಿಗ್ರಿಗೆ ಇಳಿಸಿದರು. 1967ರಲ್ಲಿ ನೆದರ್‌ಲ್ಯಾಂಡ್ಸ್‌ನ ಝಾಂಡ್‌ವೋರ್ಟ್‌ನಲ್ಲಿ ಅದರ ಮೊದಲ ಓಟವನ್ನೇ ಜಿಮ್ ಕ್ಲಾರ್ಕ್ ಗೆದ್ದರು. ವಾಲ್ವ್‌ಗಳ ಎಣಿಕೆ ಪ್ಯೂಜೊ ಕಾಲದ್ದೇ, ಬದಲಾದದ್ದು ಅವು ಕೂತ ಭಂಗಿ.

ಈಗ ದೂರಿನ ವಿಷಯಕ್ಕೆ ಬರೋಣ. ಹೇಳಿದಷ್ಟೂ ತಲೆಗೆ ಹೋಗದ ಮಾತು ಇದೊಂದೇ: ಆ ದೊಡ್ಡ ದಾರಿ ಬೇಕಾಗುವುದು ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. 1,500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, ಒಳಗೆ ಹೋಗುವ ಗಾಳಿಯೇ ಸ್ವಲ್ಪ. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ದೂರ ಚಿಮ್ಮುವ ನೀರು, ಬೆರಳು ತೆಗೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಅಗಲ ದಾರಿಯಲ್ಲಿ ಗಾಳಿಯೂ ಹಾಗೆ ಸೋಮಾರಿಯಾಗುತ್ತದೆ, ಪೆಟ್ರೋಲಿನೊಡನೆ ಸರಿಯಾಗಿ ಬೆರೆಯುವುದಿಲ್ಲ. ನನ್ನ ಮಾತು ನಂಬಬೇಡಿ, ತಯಾರಕರನ್ನೇ ನೋಡಿ. ಟೊಯೊಟಾ ತನ್ನ 16 ವಾಲ್ವ್‌ಗಳ 4ಎ-ಜಿಇ ಇಂಜಿನ್ನಿಗೆ, ಆರ್‌ಪಿಎಂ ಏರುವ ತನಕ ಅರ್ಧ ದಾರಿಗಳನ್ನು ಮುಚ್ಚಿಡುವ ಚಿಟ್ಟೆ ಬಾಗಿಲುಗಳನ್ನು ಕೂರಿಸಿತು. ಹೋಂಡಾದ ವಿಟೆಕ್-ಇ ಎಂಬ ಏರ್ಪಾಡು ಕೆಳವೇಗದಲ್ಲಿ ಒಂದು ಇನ್‌ಲೆಟ್ ವಾಲ್ವನ್ನು ಹೆಸರಿಗಷ್ಟೇ ತೆರೆಯುತ್ತದೆ. ದುಡ್ಡು ಸುರಿದು ವಾಲ್ವ್ ಹಾಕಿದವರೇ ಮತ್ತಷ್ಟು ಸುರಿದು ಅವನ್ನು ಸುಮ್ಮನಿರಿಸಿದರು!

ಬಿಡದಿಯಲ್ಲಿ ತಯಾರಾದ ಇನ್ನೋವಾದ ಹಳೆಯ ಎರಡೂವರೆ ಲೀಟರ್ ಡೀಸೆಲ್‌ಗೂ ಹದಿನಾರು ವಾಲ್ವ್ ಇವೆ, ಅದು ಕೆಳಗಿನಿಂದಲೇ ಎಳೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ಎಳೆತ ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಟರ್ಬೊದ್ದು. ಡೀಸೆಲ್‌ಗೆ ನಾಲ್ಕು ವಾಲ್ವ್ ಕೊಡುವ ಮುಖ್ಯ ಲಾಭ, ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ನಡುವೆ ನೆಟ್ಟಗೆ ನಿಲ್ಲಲು ಸಿಗುವ ಜಾಗ.

ಹಳೆಯ ಸೆಡಾನ್ ಕೊಂಡ ಹುಡುಗನೊಬ್ಬ ಹೆಡ್ ಬಿಚ್ಚಿಯೇ ನೋಡಬೇಕೆಂದು ಹಟ ಹಿಡಿದಿದ್ದ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿದೆ, ನಾಲ್ಕೂ ಸಿಲಿಂಡರ್ ಸಮ. ನಂದಿಬೆಟ್ಟದ ಏರನ್ನು ನಾಲ್ಕನೇ ಗೇರಿನಲ್ಲಿ ಹತ್ತಿಸುತ್ತೇನೆ ಎಂದ. ಎರಡಕ್ಕೆ ಇಳಿಸಪ್ಪಾ, ಇಂಜಿನ್ ಜೋರಾಗಿ ತಿರುಗಲಿ ಎಂದೆ. “ಇಂಜಿನ್ ಅರಚುತ್ತದೆ ಅಂಕಲ್, ಪಾಪ” ಎಂದ. ಗಾಡಿಯ ಮೇಲೆ ಅಷ್ಟು ಅಕ್ಕರೆ ಇರುವವನನ್ನು ಬೈಯುವುದು ಹೇಗೆ?

ಇದನ್ನು ಓದಿ ನಾಳೆಯೇ 5,000 ಆರ್‌ಪಿಎಂಗೆ ಏರಿಸಲು ಹೊರಡಬೇಡಿ. ಪಿಕಪ್ ಇಲ್ಲದಿರುವುದಕ್ಕೆ ಕ್ಲಚ್, ಸೆನ್ಸರ್, ಕಟ್ಟಿದ ಸೈಲೆನ್ಸರ್ ಏನು ಬೇಕಾದರೂ ಕಾರಣವಿರಬಹುದು, ಗಾಡಿ ನೋಡದೆ ನಾನು ಹೇಳಲಾರೆ. ಆಯಿಲ್ ಮಟ್ಟ ನೋಡಿ. ಕ್ಯಾಮ್ ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಅದನ್ನು ಕೊನೆಯದಾಗಿ ಯಾವಾಗ ಬದಲಿಸಿದರು ಎಂದು ಹಿಂದಿನ ಮಾಲೀಕರನ್ನು ವಿಚಾರಿಸಿ. ಗೊತ್ತಿಲ್ಲ ಎಂದರೆ ಹೊಸದು ಹಾಕಿಸಿ. ಇಂಥ ಹಲವು ಇಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ಆಮೇಲೆ ಬಾಗಿದ ವಾಲ್ವ್‌ಗಳ ಬಿಲ್ ಮಾಡುವಾಗ ಮಾತ್ರ ಹದಿನಾರು ಎಂಬುದು ನಿಜವಾಗಿಯೂ ಎಂಟರ ಎರಡರಷ್ಟೇ.